ಪೆನ್ನಿನ ನಡುಬಳೆ

ಈ ತಿಂಗಳು ನಮ್ಮ ವಾಚಕರೊಡನೆ ಅತ್ಯಲ್ಪವಾದ ವಸ್ತುವೊಂದರ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಅದು ಮರದಲ್ಲಿ ಕಡೆದು ಮಾಡಿದ ತಿರುಚುಪೆನ್ನಿನ ನಡುವಿಗೆ ತೊಡಿಸುವ ಬಳೆ. ಅದರ ಅಗಲವು ಕಿರುಬೆರಳಿನ ಉಗುರನ್ನು ಮೀರದು. ಆದರೂ ಒಂದು ಮನೆಯ ಒಡಹುಟ್ಟಿದವರ ಮನಸ್ತಾಪವನ್ನು ಅದು ತೀರಿಸಿದ ಬಗೆಯನ್ನು ನಾವು ಬಲ್ಲೆವಾದುದರಿಂದ, ಈ ವಿಷಯವು ಗೃಹಸ್ಥರ ಗಮನಕ್ಕೆ ಅರ್ಹವೆಂದು ಭಾವಿಸುತ್ತೇವೆ.

ತಿರುಚುಪೆನ್ನಿನ ರಚನೆಯು ಸರಳವಾದುದು. ಮೇಲೊಂದು ಕೆಳಗೊಂದು ಮರದ ಕೊಳವೆಗಳು. ಪ್ರತಿಯೊಂದರ ಒಳಗೂ ಸುಮಾರು 7 ಮಿಲಿಮೀಟರು ದಪ್ಪದ ಹಿತ್ತಾಳೆಯ ನಳಿಕೆ. ಕೆಳಗಿನ ನಳಿಕೆಯ ಮೇಲ್ತುದಿಯಲ್ಲಿ ತಿರುಪಿನ ಸಾಧನವನ್ನು ಒತ್ತಿ ಕೂರಿಸಿರುವರು. ಅದರ ಹೊರಚಾಚಿದ ಭಾಗವು ಮೇಲಿನ ನಳಿಕೆಯನ್ನು ಬಿಗಿಯಾಗಿ ಹೊಗುವುದು. ಮೇಲರ್ಧವನ್ನು ತಿರುಚಿದರೆ ಶಾಯಿಕಡ್ಡಿಯ ಮೊನೆಯು ಹೊರಬರುವುದು. ಈ ಎರಡು ಅರ್ಧಗಳು ಸಂಧಿಸುವ ಸ್ಥಳವೇ ಬಳೆಯ ಸ್ಥಾನ. ‘ಮನೆ’ಗೂ ‘ಅನ್ನು’ ಎಂಬ ಪ್ರತ್ಯಯಕ್ಕೂ ನಡುವೆ ಯಕಾರವು ಆಗಮವಾಗಿ ಬಂದು ‘ಮನೆಯನ್ನು’ ಎಂದಾಗುವುದನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟೆವು. ಈ ಬಳೆಯೂ ಅಂತಹುದೇ ಒಂದು ಆಗಮ. ಆದರೆ ಒಂದು ಭೇದವುಂಟು. ಅಕ್ಷರಗಳು ಕೂಡಿದ ಮೇಲೆ ಒಂದೇ ಪದವಾಗಿ ನಿಲ್ಲುವುವು. ಪೆನ್ನಿನ ಅರ್ಧಗಳಾದರೋ ಕೂಡಿಯೂ ಬೇರೆಬೇರೆಯಾಗಿ ತಿರುಗಬೇಕು. ಆದಕಾರಣ ಬಳೆಯನ್ನು ಮೇಲರ್ಧಕ್ಕೆ ಮಾತ್ರ ಅಂಟಿಸತಕ್ಕದ್ದು.

ಕೊಂಡು ತರುವ ಬಿಡಿಭಾಗಗಳ ಜೊತೆಯಲ್ಲಿ ಲೋಹದ ಬಳೆಯೊಂದು ಬಂದೇ ಬರುವುದು. ತೆಳುಮಾದರಿಯ ಪೆನ್ನುಗಳಲ್ಲಿ ಅದರ ಹೊರವ್ಯಾಸವು 8 ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಮರವನ್ನೂ ನಡುವಿನಲ್ಲಿ ಅಷ್ಟಕ್ಕೇ ಸಣ್ಣಗೆ ಇಳಿಸಬೇಕಾಗುವುದು. ಬಳೆಯನ್ನು ನಾವೇ ಮಾಡಿಕೊಂಡರೆ ಈ ಕಟ್ಟಿಲ್ಲ. ನಡುವನ್ನು 11 ಅಥವಾ 12 ಮಿಲಿಮೀಟರಿನಷ್ಟು ತುಂಬಿಕೊಂಡಂತೆ ಬಿಡಬಹುದು. ಗೆಣ್ಣು ಬಿಗಿದ ವೃದ್ಧರ ಬೆರಳಿಗೆ ಇಂತಹ ದಪ್ಪ ಪೆನ್ನೇ ಸುಖಕರ.

ಇನ್ನು ಮೇಲೆ ಹೇಳಿದ ಮನೆಯ ವಿಷಯ. ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿ ತೀರಿಕೊಂಡ ಮೇಲೆ ಮನೆಯು ಪಾಲಾಯಿತು. ಬೆಳ್ಳಿಯನ್ನು ತೂಗಿ ಹಂಚಿದರು. ಪಾತ್ರೆಗಳನ್ನು ಎಣಿಸಿ ಹಂಚಿದರು. ಕಡೆಗೆ ಉಳಿದದ್ದು ಆ ತಾಯಿ ದಿನವೂ ಮೊಸರು ಕಡೆಯುತ್ತಿದ್ದ ಕಡಗೋಲು. ಅದರ ಮೇಲ್ತುದಿಯು ಬೆರಳುದ್ದ ಸೀಳಿತ್ತು. ಪೇಟೆಯಲ್ಲಿ ಅದಕ್ಕೆ ಕಾಸಿನ ಬೆಲೆಯೂ ಇಲ್ಲ. ಆದರೆ ಮಕ್ಕಳು ನಾಲ್ವರಿಗೂ ಅದೇ ಬೇಕಾಯಿತು. ಮಾತಿಗೆ ಮಾತು ಬೆಳೆದು, ಆ ವರ್ಷದ ಯುಗಾದಿಗೆ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ಕಿರಿಯವನಾದ ನಮ್ಮ ಶಿಷ್ಯನು ಹಿತ್ತಿಲಿನಲ್ಲಿ ಸಣ್ಣ ಲೇತು ಯಂತ್ರವನ್ನಿಟ್ಟುಕೊಂಡು ಬಿಡುವಿನಲ್ಲಿ ಪೆನ್ನು ಕಡೆಯುವವನು. ಸಿದ್ಧವಾದ ಬಳೆಗೆ 5 ಮಿಲಿಮೀಟರು, ಗರಗಸಕ್ಕೂ ಸಮಮಾಡುವುದಕ್ಕೂ ಇನ್ನೈದು; ಕೆಟ್ಟುಹೋಗಬಹುದಾದ ಒಂದನ್ನೂ ಸೇರಿಸಿ ಐದು ಬಳೆಗಳಿಗೆ 5 ಸೆಂಟಿಮೀಟರು ಕೋಲು ಸಾಕೆಂದು ಅವನು ಲೆಕ್ಕ ಹಾಕಿದನು. ಆಗ ಹಿರಿಯಕ್ಕ ಕೇಳಿದಳು: “ಅಮ್ಮನ ಕೈ ಸವೆಸಿದ್ದು ಕೋಲಿನ ಮೈಯನ್ನಲ್ಲವೇನೋ? ನೀನು ಹೆರೆದು ಹಾಕೋದೂ ಅದನ್ನೇ. ಆಮೇಲೆ ಉಳಿಯೋದೇನು?”

ಈ ಪ್ರಶ್ನೆಯು ಹಗುರವಾದುದಲ್ಲ. ಕಡೆಯುವಾಗ ಕೈಯ ಜಿಡ್ಡು ಹಿಡಿದು ನುಣುಪಾದ ಮೇಲ್ಮೈಯೇ ಮೊದಲು ಹೊಟ್ಟಾಗಿ ಉದುರುವುದು. ಉಳಿಯುವುದು ತಾಯಿಯ ಕೈ ಮುಟ್ಟದ ಒಳಮರ. ತಮ್ಮನು ವಾದಿಸಲಿಲ್ಲ. ಸೀಳಿದ ತುದಿಯನ್ನು ತೆಗೆದು, ಅದರ ಕೆಳಗಿನ 5 ಸೆಂಟಿಮೀಟರನ್ನು ಮಾತ್ರ ಕೊಯ್ದುಕೊಂಡು, ಮಿಕ್ಕ ಕೋಲನ್ನು ಬುಡದ ಸಮೇತ ಮುಟ್ಟದೆ ಅಕ್ಕನಿಗೇ ಒಪ್ಪಿಸಿದನು. ನಾಲ್ವರಿಗೂ ಬೀಟೆಯ ಪೆನ್ನು, ಪ್ರತಿಯೊಂದರ ನಡುವೆಯೂ ಆ ಕೋಲಿನ ಬಿಳುಪಾದ ಬಳೆ. ನಮ್ಮ ನುಡಿಯಲ್ಲಿ ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಒಂದೇ ಧಾತುವಿರುವುದು ಇಲ್ಲಿ ಒಪ್ಪುತ್ತದೆ.

ಮಾಡಬಯಸುವವರಿಗೆ ಕ್ರಮವನ್ನು ಹೇಳುತ್ತೇವೆ. ಮರವು ಚೆನ್ನಾಗಿ ಒಣಗಿರಬೇಕು. ತೇವವಾರಿದಂತೆ ಮರವು ಕುಗ್ಗುವುದು, ಹಿತ್ತಾಳೆಯು ಕುಗ್ಗದು. ಹಸಿಮರದ ಬಳೆ ನಳಿಕೆಯ ಮೇಲೆಯೇ ಬಿರಿಯುವುದು. ಎಳೆಯು ಪೆನ್ನಿನ ಉದ್ದಕ್ಕೆ ಸಮನಾಗಿರಲಿ; ಅಡ್ಡ ಎಳೆಯ ಬಳೆಯು ಒಂದು ದಿಕ್ಕಿಗೆ ಹೆಚ್ಚು ಕುಗ್ಗಿ ದುಂಡುಗೆಡುವುದು. ಮೊದಲು ತುಂಡಿನ ನಡುವೆ ಉದ್ದಕ್ಕೆ 7 ಮಿಲಿಮೀಟರಿನ ರಂಧ್ರವನ್ನು ಕೊರೆದು, ಅನಂತರ ಬಿಲ್ಲೆಗಳಾಗಿ ಕೊಯ್ಯತಕ್ಕದ್ದು. ಬಿಲ್ಲೆ ಮಾಡಿ ಕೊರೆದರೆ ಸೀಳುವುದು. ಬೈರಿಗೆಯನ್ನು ಆಗಾಗ ಹೊರತೆಗೆದು ಹೊಟ್ಟನ್ನು ಕೊಡವಿದರೆ ಮರವು ಕಾಯದು. ಕಡಗೋಲಿನಂತಹ ಮರವು ಬೆಣ್ಣೆಯ ಜಿಡ್ಡನ್ನು ಕುಡಿದಿರುವುದರಿಂದ ಒಳಮೈಯನ್ನು ಅಸಿಟೋನಿನಿಂದ ಒರಸಿ ಆರಗೊಡಬೇಕು. ಇಲ್ಲವಾದರೆ ಅಂಟು ಹಿಡಿಯದು. ಹಿತ್ತಾಳೆಯನ್ನೂ ಮರಳುಕಾಗದದಿಂದ ಒರಟು ಮಾಡಿರಬೇಕು.

ಮೇಲಿನ ಮರದ ತುಂಡನ್ನು ಬಳೆಯ ಅಗಲದಷ್ಟು ಮೋಟು ಮಾಡಿ, ಅದನ್ನೂ ಬಿಲ್ಲೆಯನ್ನೂ ಒಂದೇ ನಳಿಕೆಗೆ ಅಂಟಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕಡೆಯುವುದು ಸುಲಭವಾದ ಮಾರ್ಗ. ಮುಟ್ಟುವ ಮುಖಗಳು ರಂಧ್ರಕ್ಕೆ ನೆಟ್ಟಗೆ ಲಂಬವಾಗಿರದಿದ್ದರೆ ಕೂಡಿದಲ್ಲಿ ಕಪ್ಪು ಗೆರೆಯೊಂದು ಬಾಯ್ದೆರೆಯುವುದು. 1958ರಲ್ಲಿ ಮಾರಾಟಕ್ಕೆ ಬಂದ ಸಯನೋಆಕ್ರಿಲೇಟ್ ಅಂಟು ಕ್ಷಣದಲ್ಲಿ ಹಿಡಿಯತಕ್ಕದ್ದು. ಹೊಸಬರ ಕೈಯಲ್ಲಿ ಬಿಲ್ಲೆಯು ಅರ್ಧದಾರಿಯಲ್ಲಿಯೇ ನಿಂತುಬಿಡಬಹುದು. ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿಯು ಸರಿಪಡಿಸಲು ಅವಕಾಶ ಕೊಡುವುದು. ಬೀಟೆಯ ಕಪ್ಪು ಹುಡಿಯು ಬಿಳಿಯ ಬಳೆಯ ರಂಧ್ರಗಳನ್ನು ಹೊಕ್ಕು ಮಾಸಲು ಮಾಡುವುದರಿಂದ, ಉಜ್ಜುವ ಮೊದಲೇ ಬಳೆಗೆ ತೆಳುವಾದ ಅರಗಿನ ಲೇಪವನ್ನು ಕೊಡುವುದು ಲೇಸು.

ಮನೆಯಲ್ಲಿ ಈ ಕೆಲಸ ಮಾಡುವವರು ಎಚ್ಚರವಾಗಿರಬೇಕು. ತಿರುಗುವ ಯಂತ್ರದ ಹತ್ತಿರ ಸೆರಗು, ಅಂಗವಸ್ತ್ರ, ಕೈಬಳೆಗಳು ಸುಳಿಯಬಾರದು. ಬೀಟೆಯ ಹುಡಿಯು ಕೆಲವರ ಗಂಟಲಿಗೂ ಚರ್ಮಕ್ಕೂ ಉರಿಯುಂಟುಮಾಡುವುದು. ಮುಖಕ್ಕೆ ಸರಿಯಾದ ಮುಸುಕಿರಲಿ, ಕಣ್ಣಿಗೆ ಕನ್ನಡಕವಿರಲಿ. ಅಸಿಟೋನು ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುವಂತಹುದು; ಒಲೆಯಿಂದಲೂ ಮಕ್ಕಳಿಂದಲೂ ದೂರವಿಡತಕ್ಕದ್ದು.

ನಮ್ಮ ಅಭಿಪ್ರಾಯವಿಷ್ಟೆ. ಸರಿಯಾಗಿರುವ ಹಳೆಯ ವಸ್ತುವನ್ನು ನೆನಪಿನ ಹೆಸರಿನಲ್ಲಿ ಕೊಯ್ಯಬಾರದು. ಅದು ಕೆಲಸ ಮಾಡಿಕೊಂಡಿರುವುದೇ ಅದರ ಗೌರವ. ಆದರೆ ಮುರಿದ ತೊಟ್ಟಿಲಿನ ಕಾಲನ್ನೂ ಸೀಳಿದ ಲಟ್ಟಣಿಗೆಯನ್ನೂ ನೀರೊಲೆಗೆ ಹಾಕುವ ಮುನ್ನ ಒಮ್ಮೆ ಯೋಚಿಸಬಹುದು. ಹೊಸ ಪೆನ್ನನ್ನು ಕೊಡುವಾಗ, ಆ ಬಳೆಯ ಮರ ಯಾರದು, ಯಾವ ವಸ್ತುವಿನದು, ಯಾವ ವರ್ಷ ಕಡೆದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಿ. ಇಂದು ಮನೆಯವರೆಲ್ಲರಿಗೂ ತಿಳಿದಿರುವ ಸಂಗತಿಯು ಮೊಮ್ಮಕ್ಕಳಿಗೆ ತಿಳಿದಿರದು; ಚೀಟಿಯನ್ನು ಆ ಪೆನ್ನಿನಿಂದಲೇ ಬರೆಯಿರಿ.