ಬಾಗಿಲು ಮುಚ್ಚಿ ಅದನ್ನು ಆಯ್ಕೆ ಅನ್ನಬೇಡಿ



ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಅಡ್ಮಿಷನ್ ಮಾತು ಶುರುವಾಗುತ್ತದೆ. ಭಾನುವಾರದ ಪೂಜೆ ಮುಗಿಸಿ ದೇವಾಲಯದ ಹೊರಗೆ ನಿಂತಾಗಲೂ ಅದೇ ಮಾತು. ಯಾವ ಸ್ಕೂಲು, ಎಷ್ಟು ಫೀಸು, ಟೆಂತ್ ರಿಸಲ್ಟ್ ಹೇಗೆ? ಈ ಮಾತಿನ ನಡುವೆ ಸುಮ್ಮನೆ ನಿಲ್ಲುವ ಕೆಲವು ತಾಯಂದಿರಿದ್ದಾರೆ. ಅವರ ಮಗುವಿಗೆ ಆಟಿಸಂ ಇದೆ. ಐದನೇ ತರಗತಿಯವರೆಗೆ ಹೇಗೋ ನಡೆಯಿತು. ಇನ್ನು ಹೈಸ್ಕೂಲು. ಅವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: “ಬೆಂಗಳೂರಲ್ಲಿ ಸ್ಪೆಷಲ್ ಸ್ಕೂಲ್ ಇರ್ತಾವಲ್ಲಮ್ಮ, ಹಾಸ್ಟೆಲ್ ಇರೋದು ನೋಡಿ ಸೇರಿಸಿಬಿಡಿ.”

ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಗೊತ್ತು. ಆದರೂ ಇದು ಸಲಹೆ ಅಲ್ಲ, ಮಗುವನ್ನು ಊರು ಬಿಡಿಸುವ ಮಾತು. ವಿಶೇಷ ಶಾಲೆಗಳ ಮೇಲೆ ನನಗೆ ಕೋಪವಿಲ್ಲ. ಕೆಲವು ಮಕ್ಕಳಿಗೆ ಅದೇ ಸರಿಯಾದ ಜಾಗ. ನನ್ನ ತಕರಾರು ಬೇರೆ. ಹತ್ತಿರದ ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡು, ಉಳಿದ ಒಂದೇ ದಾರಿ ತೋರಿಸಿ, “ಇದು ನೀವೇ ಆರಿಸಿಕೊಂಡದ್ದು” ಅನ್ನುವುದು ಅನ್ಯಾಯ. ಆ ಮುಚ್ಚಿದ ಬಾಗಿಲುಗಳಲ್ಲಿ ಕೆಲವದರ ಮೇಲೆ ಶಿಲುಬೆಯ ಗುರುತೂ ಇದೆ. ಅದಕ್ಕೇ ಈ ಲೇಖನ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ

ಆಟಿಸಂ, ಅಂದರೆ ಸ್ವಲೀನತೆ, ಅಂಟುವ ಕಾಯಿಲೆ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. ತಾಯಿ ಮುದ್ದು ಮಾಡದ್ದರಿಂದ ಬರುವುದಿಲ್ಲ, ಮೊಬೈಲ್ ಕೊಟ್ಟದ್ದರಿಂದ ಬರುವುದಿಲ್ಲ, ಲಸಿಕೆಯಿಂದಲೂ ಬರುವುದಿಲ್ಲ. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ 1998ರ ಪ್ರಬಂಧವನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಶಾಪದಿಂದ ಬಂತು, ಪಾಪದಿಂದ ಬಂತು ಅನ್ನುವವರು ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ಓದಲಿ. ಹುಟ್ಟು ಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳಿದರು. ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಎರಡು ಸಾವಿರ ವರ್ಷ ಕಳೆದರೂ ನಮ್ಮ ಜನ ಶಿಷ್ಯರ ಪ್ರಶ್ನೆಯಲ್ಲೇ ನಿಂತಿದ್ದಾರೆ.

“ನಮ್ಮ ಶಾಲೆಯಲ್ಲಿ ಅಂಥ ಮಕ್ಕಳಿಲ್ಲ” ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಆ ಲೆಕ್ಕದಲ್ಲಿ ಸಾವಿರ ಮಕ್ಕಳ ಶಾಲೆಯಲ್ಲಿ ಏಳೆಂಟು ಮಕ್ಕಳಾದರೂ ಇರಬೇಕು. ಒಬ್ಬರೂ ಇಲ್ಲ ಎಂದರೆ ಏನರ್ಥ? ಇದ್ದಾರೆ, ಆದರೆ “ದಡ್ಡ”, “ಹಠಮಾರಿ” ಅನ್ನಿಸಿಕೊಂಡು ಹಿಂದಿನ ಬೆಂಚಿನಲ್ಲಿದ್ದಾರೆ. ಇಲ್ಲವೇ ಗೇಟಿನಲ್ಲೇ ವಾಪಸ್ ಹೋಗಿದ್ದಾರೆ.

ಕಾನೂನು ಏನು ಹೇಳುತ್ತದೆ?

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಹದಿನಾಲ್ಕು ತುಂಬಿದ ಮಗುವಿಗೆ ಹಕ್ಕೇ ಇಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ತಪ್ಪು. ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಆಟಿಸಂ ಅನ್ನೂ ಸೇರಿಸಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಮನೆಯ ಹತ್ತಿರದ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ.

ಇಲ್ಲಿರುವ “ಆಗಲಿ” ಬಹಳ ಮುಖ್ಯ. ಕಾನೂನು ಎರಡು ಬಾಗಿಲು ಇಟ್ಟಿದೆ. ಯಾವುದರಲ್ಲಿ ಹೋಗಬೇಕೆಂದು ನಿರ್ಧರಿಸುವುದು ಮಗು ಮತ್ತು ಮನೆಯವರು. ಹೆಡ್‌ಮಾಸ್ಟರ್ ಅಲ್ಲ, ಕರೆಸ್ಪಾಂಡೆಂಟ್ ಅಲ್ಲ, ಪಕ್ಕದ ಮನೆಯವರೂ ಅಲ್ಲ.

ನಮ್ಮ ಶಾಲೆಗಳ ಮಾತು

ಈಗ ಕಹಿಯಾದ ಮಾತಿಗೆ ಬರುತ್ತೇನೆ. ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2025ರಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಬೇಕು ಎಂದಿತು. ಅದು ಕೋರ್ಟಿನ ವಿಚಾರ. ನನ್ನ ಪ್ರಶ್ನೆ ಮನಸ್ಸಾಕ್ಷಿಯದು. ನಾವು ಈ ದೇಶದಲ್ಲಿ ಸಣ್ಣ ಸಮುದಾಯ, ನಮ್ಮ ಶಾಲೆಗಳಿಗೆ ರಕ್ಷಣೆ ಬೇಕು ಎಂದು ಕೇಳಿ ಪಡೆದಿದ್ದೇವೆ. ಸರಿ. ಹಾಗಾದರೆ ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಸಣ್ಣ ಅಲ್ಪಸಂಖ್ಯಾತ ಯಾರು? ನಲವತ್ತು ಮಕ್ಕಳ ನಡುವೆ ಬೆಲ್ ಹೊಡೆದಾಗ ಕಿವಿ ಮುಚ್ಚಿಕೊಳ್ಳುವ ಆ ಒಂದು ಮಗು. ನಮಗೆ ಸಿಕ್ಕ ರಕ್ಷಣೆಯನ್ನು ಅದೇ ಮಗುವನ್ನು ಹೊರಗಿಡಲು ಬಳಸಿದರೆ, ಆ ರಕ್ಷಣೆ ಕೇಳುವ ಮುಖ ನಮಗೆಲ್ಲಿದೆ?

ಶಾಲೆಗಳವರು ಹೇಳುವ ಕಾರಣ ಮೂರು.

“ರಿಸಲ್ಟ್ ಬೀಳುತ್ತದೆ.” ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಮೇಲೆ ಶೇ. 100 ಎಂದು ಹಾಕಿಸಿಕೊಳ್ಳಲು ಒಂದು ಮಗುವಿಗೆ ಟಿ.ಸಿ. ಕೊಡುವುದಾದರೆ, ಆ ನೂರು ಸುಳ್ಳು. ಬಿದ್ದ ಮಗುವನ್ನು ಲೆಕ್ಕದಿಂದ ತೆಗೆದರೆ ಯಾರ ರಿಸಲ್ಟಾದರೂ ನೂರೇ.

“ಬೇರೆ ಮಕ್ಕಳಿಗೆ ತೊಂದರೆ.” ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಬೇಕಾದದ್ದು ಸ್ವಲ್ಪವೇ. ದಿನದ ಟೈಮ್‌ಟೇಬಲ್ ಚಿತ್ರಗಳಲ್ಲಿ, ಕೂರಲು ಒಂದೇ ನಿಗದಿಯಾದ ಜಾಗ, ಗದ್ದಲ ಜಾಸ್ತಿಯಾದಾಗ ಹೋಗಿ ಕೂರಲು ಒಂದು ಶಾಂತ ಮೂಲೆ, ನಾಳೆ ಏನಾದರೂ ಬದಲಾದರೆ ಇವತ್ತೇ ಹೇಳುವುದು. ಇದಕ್ಕೆ ಲಕ್ಷಗಟ್ಟಲೆ ಬೇಕೇ? ಹತ್ತಿರದಲ್ಲಿ ಇಂಥ ಗೆಳೆಯನಿದ್ದರೆ ಬೇರೆ ಮಕ್ಕಳು ಕಲಿಯುವ ತಾಳ್ಮೆ ಯಾವ ಮಾರಲ್ ಸೈನ್ಸ್ ಪುಸ್ತಕದಲ್ಲೂ ಸಿಗುವುದಿಲ್ಲ.

“ನಮ್ಮಲ್ಲಿ ಟೀಚರ್ ಇಲ್ಲ.” ಈ ಒಂದು ಮಾತು ನಿಜ. ಆದರೆ ಅದು ಶಾಶ್ವತ ಉತ್ತರವಾಗಬಾರದು. ಸುಪ್ರೀಂ ಕೋರ್ಟ್ ಒತ್ತಾಯದ ನಂತರ ಆಂಧ್ರ ಸರ್ಕಾರ 2025ರಲ್ಲಿ ಸರ್ಕಾರಿ ಶಾಲೆಗಳಿಗೆ 2,260 ವಿಶೇಷ ಶಿಕ್ಷಕರ ಹುದ್ದೆ ಸೃಷ್ಟಿಸಿತು. ಸಮಗ್ರ ಶಿಕ್ಷಾ ಅಡಿಯಲ್ಲಿ ಮಂಡಲಗಳಲ್ಲಿ ಭವಿತ ಕೇಂದ್ರಗಳಿವೆ. ಸರ್ಕಾರ ನಿಧಾನವಾಗಿಯಾದರೂ ನಡೆಯುತ್ತಿರುವಾಗ, ಕರುಣೆಯ ಹೆಸರಿನಲ್ಲಿ ಶಾಲೆ ಕಟ್ಟಿದ ನಾವು ಹಿಂದೆ ಉಳಿಯುವುದೇ? 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರ ಹತ್ತಿರ ಏನಿತ್ತು? ಅವರು ಕಟ್ಟಿದ ಆರ್‌ಡಿಟಿ ಇವತ್ತು ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸುತ್ತದೆ. ಜಿಲ್ಲೆಯಲ್ಲಿ ಕಿವಿ ಕೇಳದ, ಕಣ್ಣು ಕಾಣದ, ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಶಾಲೆಗಳನ್ನೂ ನಡೆಸುತ್ತದೆ. ಎಲ್ಲ ಸಿದ್ಧವಾಗಲಿ ಎಂದು ಅವರು ಕಾದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ವಿಶೇಷ ಶಾಲೆಯೇ ಸರಿ ಅನಿಸಿದರೆ

ಕೆಲವು ಮಕ್ಕಳಿಗೆ ದಿನವಿಡೀ ತರಬೇತಾದ ಸಹಾಯ ಬೇಕು. ಅಂಥ ಮನೆಯವರು ವಿಶೇಷ ಶಾಲೆ ಆರಿಸಿಕೊಂಡರೆ ಅದು ಅವರ ಹಕ್ಕು, ಯಾರೂ ಬೆರಳು ತೋರಿಸಬೇಕಿಲ್ಲ. ಆದರೆ ಬ್ರೋಷರ್ ನೋಡಿ, “ಫಾದರ್ ಗೊತ್ತು, ಸಿಸ್ಟರ್ ಗೊತ್ತು” ಎಂಬ ಮಾತು ನಂಬಿ ಸೇರಿಸಬೇಡಿ. ನಮ್ಮವರದೇ ಸಂಸ್ಥೆ ಆದರೂ ಈ ಪ್ರಶ್ನೆಗಳನ್ನು ಕೇಳಿ.

ಒಂದು: ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸಂಸ್ಥೆಯ ನೋಂದಣಿ ಆಗಿದೆಯೇ? ಶಿಕ್ಷಕರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇದೆಯೇ? ಎರಡನ್ನೂ ನೋಡಬೇಕು ಎನ್ನಿ. ಒಳ್ಳೆಯ ಶಾಲೆ ಬೇಸರ ಮಾಡಿಕೊಳ್ಳುವುದಿಲ್ಲ.

ಎರಡು: ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ವಿಶೇಷ ಶಾಲೆಗಳಲ್ಲಿ ಆಟಿಸಂ ಇರುವ ಐದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಮುಂದಿಟ್ಟಿದೆ. ಇಪ್ಪತ್ತು ಮಕ್ಕಳಿಗೆ ಒಬ್ಬರು ಎಂದರೆ ಅದು ಕಾವಲು, ಶಿಕ್ಷಣ ಅಲ್ಲ.

ಮೂರು: ಅದು ಆಟಿಸಂ ತಿಳಿದ ಶಾಲೆಯೇ? ಮಗು ಮಾತಾಡುವುದಿಲ್ಲ ಎಂದು ಕಿವುಡ ಮಕ್ಕಳ ಶಾಲೆಗೆ ಸೇರಿಸುವುದುಂಟು. ಕಿವಿ ಚೆನ್ನಾಗಿ ಕೇಳುವ, ಆದರೆ ಮಾತು ಬಾರದ ಮಗುವಿಗೆ ಬೇಕಾದ ಪಾಠವೇ ಬೇರೆ.

ನಾಲ್ಕು: ಯಾವ ಭಾಷೆ? ಇದು ನಮ್ಮ ಗಡಿ ಜನರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹಿಂದೂಪುರ, ಮಡಕಶಿರಾ ಕಡೆಯ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಕೇಳಿ ಬೆಳೆದಿರುತ್ತದೆ. ಹತ್ತು ವರ್ಷ ಕಷ್ಟಪಟ್ಟು “ನೀರು”, “ಬೇಡ”, “ಅಮ್ಮ” ಎಂದು ಕಲಿತಿರುತ್ತದೆ. ಆ ಮಗುವನ್ನು ಆ ಮಾತು ಯಾರಿಗೂ ತಿಳಿಯದ ಹಾಸ್ಟೆಲಿನಲ್ಲಿ ಬಿಟ್ಟರೆ ಇದ್ದ ಮೂರು ಮಾತೂ ಹೋಗುತ್ತದೆ. “ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ” ಎನ್ನುವವರನ್ನೂ ನಂಬಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತಾಯಿಗೆ ಬಾರದ ಭಾಷೆಯಲ್ಲಿ ತಾಯಿ ಹೇಗೆ ಲಾಲಿಸುತ್ತಾಳೆ?

ಐದು: ಕೊನೆಗೆ ಕೈಗೆ ಏನು ಬರುತ್ತದೆ? ಹತ್ತನೇ ತರಗತಿ ಬರೆಸುತ್ತಾರೆಯೇ? ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕವಾದರೆ ಒಮ್ಮೆ ನೋಂದಾಯಿಸಿ ಐದು ವರ್ಷದೊಳಗೆ ಸ್ವಲ್ಪಸ್ವಲ್ಪವಾಗಿ ವಿಷಯಗಳನ್ನು ಮುಗಿಸಬಹುದು. ಪರೀಕ್ಷೆ ಆಗದಿದ್ದರೆ ಯಾವ ಕೆಲಸ ಕಲಿಸುತ್ತಾರೆ? ಸ್ನಾನ, ಬಟ್ಟೆ, ಬಸ್ಸು, ದುಡ್ಡಿನ ಲೆಕ್ಕ ಕಲಿಸುತ್ತಾರೆಯೇ?

ಆರು: ಹೇಳದೆ ಕೇಳದೆ ಹೋಗಿ ನೋಡಬಹುದೇ? ಹೊಡೆದರೆ ಮನೆಗೆ ಬಂದು ಹೇಳಲಾಗದ ಮಗು ಇದು. “ಮೊದಲ ಮೂರು ತಿಂಗಳು ಬರಬೇಡಿ, ಮಗು ಹೊಂದಿಕೊಳ್ಳಲಿ” ಎನ್ನುವ ಹಾಸ್ಟೆಲಿನಿಂದ ಹಾಗೆಯೇ ಹಿಂದಿರುಗಿ. ರಾತ್ರಿ ಯಾರಿರುತ್ತಾರೆ, ಎಷ್ಟು ಜನ, ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ, ಇದನ್ನು ಕೇಳಲು ನಾಚಿಕೆ ಬೇಡ.

ಮುಚ್ಚಿಡಬೇಡಿ

ಪೋಷಕರಿಗೂ ಒಂದು ಮಾತು. ಸದರಂ ಸರ್ಟಿಫಿಕೇಟ್ ಮಾಡಿಸಲು ಹಿಂಜರಿಯಬೇಡಿ. “ಊರಿಗೆ ಗೊತ್ತಾದರೆ ಅಕ್ಕನ ಮದುವೆಗೆ ತೊಂದರೆ” ಎಂದು ಮುಚ್ಚಿಟ್ಟ ಮನೆಗಳಿವೆ. ಆ ಕಾಗದವಿಲ್ಲದೆ 18 ವರ್ಷದವರೆಗಿನ ಹಕ್ಕನ್ನು ಕೇಳಿ ಪಡೆಯುವುದು ಕಷ್ಟ, ಆಂಧ್ರದಲ್ಲಿ 2024ರ ಜುಲೈಯಿಂದ ತಿಂಗಳಿಗೆ 6,000 ರೂಪಾಯಿ ಆಗಿರುವ ಅಂಗವಿಕಲರ ಪಿಂಚಣಿಯೂ ಸಿಗುವುದಿಲ್ಲ. ಕಾಯ್ದೆಯ ಪ್ರಕಾರ ಈ ಪ್ರಮಾಣಪತ್ರ ದೇಶಕ್ಕೆಲ್ಲ ಒಂದೇ. ಮುಂದೆ ಬೆಂಗಳೂರಿಗೋ ತುಮಕೂರಿಗೋ ಹೋದರೂ ನಡೆಯುತ್ತದೆ. ತಮ್ಮನಿಗೆ ಆಟಿಸಂ ಇದೆ ಎಂದು ಅಕ್ಕನನ್ನು ಬೇಡ ಎನ್ನುವ ಮನೆಗೆ ಅಕ್ಕ ಹೋಗದಿರುವುದೇ ಕ್ಷೇಮ.

ಯುವಜನರೇ, ನಾವು ಏನು ಮಾಡೋಣ?

2022ರಲ್ಲಿ ಜಿಲ್ಲೆಗಳು ಬೇರೆಯಾದವು. ಹಿಂದೂಪುರದವರಿಗೆ ಜಿಲ್ಲಾ ಕಚೇರಿ ಪುಟ್ಟಪರ್ತಿ, ಕಲ್ಯಾಣದುರ್ಗದವರಿಗೆ ಅನಂತಪುರ. ಒಂದು ಕಾಗದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ನಮಗೆ ಬೈಕಿದೆ, ಮೊಬೈಲಿದೆ, ಅರ್ಜಿ ತುಂಬಲು ಬರುತ್ತದೆ. ಯುವಕೂಟದಿಂದ ಇಬ್ಬರು ಜೊತೆಗೆ ಹೋಗಲಿ. ಶಾಲೆ ನೋಡಲು ಹೋಗುವ ತಾಯಿಯ ಜೊತೆಗೂ ಇಬ್ಬರು ಹೋಗಲಿ. ಒಬ್ಬಂಟಿ ತಾಯಿಗೆ “ಸೀಟಿಲ್ಲ” ಎನ್ನುವುದು ಸುಲಭ, ಕಾಯ್ದೆಯ ಪ್ರತಿ ಹಿಡಿದ ಮೂವರಿಗೆ ಅಷ್ಟು ಸುಲಭವಲ್ಲ.

ಬಿ.ಎಸ್ಸಿ. ಮುಗಿಸಿ ನನ್ನ ಹಾಗೆ ಮುಂದೇನು ಎಂದು ನೋಡುತ್ತಿರುವವರೇ, ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಇದೆ. ಸೇವೆಯೂ ಹೌದು, ಕೆಲಸವೂ ಹೌದು. ಒಂದೊಂದು ಧರ್ಮಕೇಂದ್ರದಿಂದ ಒಬ್ಬರು ಓದಿ ಬಂದರೂ “ಟೀಚರ್ ಇಲ್ಲ” ಎಂಬ ಮಾತಿಗೆ ಕೊನೆ.

ಧರ್ಮಕೇಂದ್ರದ ಪಾಲನಾ ಸಮಿತಿಗೆ ಮತ್ತು ಶಾಲೆ ನಡೆಸುವ ಗುರುಗಳಿಗೆ, ಸಿಸ್ಟರ್‌ಗಳಿಗೆ ಗೌರವದಿಂದ ಒಂದು ಬೇಡಿಕೆ. ಬರುವ ಜೂನಿನಿಂದ ಪ್ರತಿ ಶಾಲೆ ಆಟಿಸಂ ಇರುವ ಇಬ್ಬರು ಮಕ್ಕಳನ್ನು ಆರನೇ ತರಗತಿಗೆ ಸೇರಿಸಿಕೊಳ್ಳಲಿ. ಹತ್ತು ಬೇಡ, ಇಬ್ಬರು ಸಾಕು. ಒಬ್ಬ ಟೀಚರನ್ನು ತರಬೇತಿಗೆ ಕಳುಹಿಸಲಿ. ಖರ್ಚಿಗೆ ಹಬ್ಬದ ಲೈಟಿಂಗ್ ದುಡ್ಡಿನಲ್ಲಿ ಅರ್ಧ ತೆಗೆದಿಡೋಣ. ಮಾತೆ ಮರಿಯಮ್ಮನವರು ಬೇಸರ ಮಾಡಿಕೊಳ್ಳುವುದಿಲ್ಲ.

ಆಗ ಒಬ್ಬ ತಾಯಿ ನಮ್ಮ ಶಾಲೆಯನ್ನೂ ನೋಡಿ, ವಿಶೇಷ ಶಾಲೆಯನ್ನೂ ನೋಡಿ, ತನ್ನ ಮಗುವಿಗೆ ಯಾವುದು ಹಿತವೆಂದು ಯೋಚಿಸಿ, ಎರಡರಲ್ಲಿ ಒಂದನ್ನು ಹೇಳಲಿ. ಅವಳು ವಿಶೇಷ ಶಾಲೆಯನ್ನೇ ಹೇಳಿದರೂ ನಮಗೆ ಸಂತೋಷ. ಆಯ್ಕೆ ಎಂದರೆ ಅದು.

ನಿಮ್ಮ ಊರಿನಲ್ಲಿ ಇಂಥ ಮನೆ ಇದ್ದರೆ ಈ ಭಾನುವಾರ ಪೂಜೆಯಾದ ಮೇಲೆ ಅವರ ಹತ್ತಿರ ಹೋಗಿ ಮಾತಾಡಿ. ಸಲಹೆ ಕೊಡಬೇಡಿ. ಏನು ಬೇಕೆಂದು ಕೇಳಿ.

ಕ್ರಿಸ್ತರಲ್ಲಿ ನಿಮ್ಮ ಸಹೋದರ