ದೂರದೂರಿನ ಹಳೆಯ ಲೇತು: ಕೊಳ್ಳುವುದೋ, ಬಿಡುವುದೋ?

ಜುಲೈ ತಿಂಗಳಲ್ಲಿ ಎರಡು ದಿನ ಮಳೆ ಹೊಳವಾದರೆ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಅದೇ ಬೋರ್ಡೋ ದ್ರಾವಣ ಸಿಂಪಡಿಸುವ ಅವಕಾಶ. ಕೊಳೆರೋಗ ತಡೆಯಬೇಕಾದರೆ ಮೊದಲ ಸಿಂಪಡಣೆಯಾದ 40-45 ದಿನಗಳಲ್ಲಿ ಎರಡನೆಯದು ಆಗಲೇಬೇಕು. ಸರಿಯಾಗಿ ಆ ಹೊತ್ತಿಗೇ ಪಂಪಿನ ಶಾಫ್ಟು ಸವೆದೋ ಬುಶ್ ಒಡೆದೋ ನಿಂತರೆ ಅದನ್ನು ಬಿಚ್ಚಿಕೊಂಡು ಪೇಟೆಯ ಲೇತ್ ಅಂಗಡಿಗೆ ಹೋಗಬೇಕು, ಸರದಿ ಕಾಯಬೇಕು. ತಿರುಗಿ ಬರುವಷ್ಟರಲ್ಲಿ ಮಳೆ ಮತ್ತೆ ಹಿಡಿದಿರುತ್ತದೆ. ಆಮೇಲೆ ಉದುರಿದ ಕಾಯಿಗಳ ನಷ್ಟವನ್ನು ಯಾರೂ ಆ ಬುಶ್ಶಿನ ಲೆಕ್ಕಕ್ಕೆ ಬರೆಯುವುದಿಲ್ಲ. ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಹಳ್ಳದ ನೀರಿನಿಂದ ಮನೆಗೆ ಬೆಳಕು ಕೊಡುವ ಕಿರು ಟರ್ಬೈನು ಎಲ್ಲದರದ್ದೂ ಇದೇ ಕಥೆ.

ಆದುದರಿಂದ ನಾಲ್ಕಾರು ಹಳ್ಳಿಗಳು ಸೇರಿ ತಮ್ಮದೇ ಒಂದು ಲೇತು ಇಟ್ಟುಕೊಳ್ಳಬೇಕೆಂಬ ಯೋಚನೆ ಅತಿಯಾಸೆಯಲ್ಲ. ಚನ್ನಪಟ್ಟಣದಲ್ಲಿ ಮರವನ್ನು ತಿರುಗಿಸಿ ಗೊಂಬೆ ಕಡೆಯುವ ತತ್ತ್ವವೇ ಇಲ್ಲಿ ಕಬ್ಬಿಣಕ್ಕೆ ಅನ್ವಯವಾಗುತ್ತದೆ. ಹೊಸ ಯಂತ್ರದ ಬೆಲೆ ಹಳ್ಳಿಯ ಸಂಘಗಳಿಗೆ ಎಟುಕುವುದಿಲ್ಲ. ಆಗ ರಾಜಕೋಟೆಯಿಂದಲೋ ಕೊಯಮತ್ತೂರಿನಿಂದಲೋ ಯಾರೋ ಮೊಬೈಲಿಗೆ ಕಳಿಸಿದ ಹಳೆಯ ಲೇತಿನ ಚಿತ್ರ, ಅದರ ಕೆಳಗಿನ ಅಗ್ಗದ ಬೆಲೆ ಕಣ್ಣು ಸೆಳೆಯುತ್ತವೆ.

ಪರಿಸರದ ಮಾತನಾಡುವವರಿಗೆ ಯಂತ್ರದ ಗೊಡವೆ ಏಕೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಕಬ್ಬಿಣ ಆಕಾಶದಿಂದ ಬೀಳುವುದಿಲ್ಲ, ಬೆಟ್ಟ ಅಗೆದೇ ಬರುತ್ತದೆ. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಲು ಜನ ಎಷ್ಟು ವರ್ಷ ಹೋರಾಡಬೇಕಾಯಿತೆಂಬುದು ಸಹ್ಯಾದ್ರಿಯ ಮಕ್ಕಳಿಗೂ ಗೊತ್ತು. ಒಂದು ಟನ್ನು ಉಕ್ಕು ತಯಾರಾಗುವಾಗ ಜಾಗತಿಕ ಸರಾಸರಿಯಲ್ಲಿ ಹೆಚ್ಚುಕಡಿಮೆ ಎರಡು ಟನ್ನು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈಗಾಗಲೇ ಎರಕಗೊಂಡು ನಿಂತಿರುವ ಯಂತ್ರವೊಂದನ್ನು ಇನ್ನೂ ಮೂವತ್ತು ವರ್ಷ ದುಡಿಸುವುದು, ಅದರಿಂದ ನೂರಾರು ಸಣ್ಣ ಯಂತ್ರಗಳನ್ನು ಗುಜರಿಗೆ ಹೋಗದಂತೆ ಉಳಿಸುವುದು ಪರಿಸರದ ಕೆಲಸವೇ ಸರಿ. ಹಳೆಯದು ಎಂಬುದು ಬೇಡವೆನ್ನಲು ಕಾರಣವಾಗಬಾರದು. ದೂರದ್ದು, ಕಣ್ಣಾರೆ ಕಾಣದ್ದು ಎಂಬುದು ಮಾತ್ರ ಖಂಡಿತ ಕಾರಣ.

ಏಕೆಂದರೆ ಲೇತಿನ ನಿಜವಾದ ಆರೋಗ್ಯ ಚಿತ್ರದಲ್ಲಿ ಕಾಣುವುದಿಲ್ಲ. ಹೊಸ ಬಣ್ಣ ಬಳಿಯಲು ಒಂದು ದಿನ ಸಾಕು. ಸವೆದ ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲಿಯೇ. ಅದನ್ನು ತಿಳಿಯುವ ಉಪಾಯ ಸರಳವಾಗಿದೆ. ಸ್ಯಾಡಲನ್ನು ಚಕ್ಕಿನ ಬಳಿ ತಂದು, ಸಡಿಲವಿಲ್ಲದೆ ಹಗುರಾಗಿ ಸರಿಯುವಷ್ಟು ಬಿಗಿ ಮಾಡಿ, ಟೈಲ್‌ಸ್ಟಾಕಿನ ಕಡೆಗೆ ಕೈಯಿಂದ ಒಯ್ಯಬೇಕು. ನಡುವೆ ಬಿಗಿಯುತ್ತ ಹೋಗಿ ಕೊನೆಗೆ ಸಿಕ್ಕಿಕೊಂಡರೆ ಬೆಡ್ ಸವೆದಿದೆ ಎಂದೇ ಅರ್ಥ. ಚಕ್ಕಿಗೆ ದಪ್ಪ ಸರಳೊಂದನ್ನು ಕಚ್ಚಿಸಿ, ಡಯಲ್ ಗೇಜ್ ಇಟ್ಟು ಮೇಲಕ್ಕೆತ್ತಿ ನೋಡಿದರೆ ಸ್ಪಿಂಡಲ್ ಬೇರಿಂಗಿನ ಸಡಿಲ ತಿಳಿಯುತ್ತದೆ. ಎಲ್ಲ ವೇಗಗಳಲ್ಲೂ ಓಡಿಸಿ ಗೇರಿನ ಸದ್ದು ಕೇಳಬೇಕು. ಮರೆ ಕೊಯ್ಯುವ ಗೇರುಗಳ ಪೂರ್ತಿ ಸೆಟ್ಟು ಇದೆಯೇ ಎಂದು ಎಣಿಸಬೇಕು. ಕ್ರಾಸ್ ಸ್ಲೈಡಿನ ನಟ್ಟು ಸವೆದಿದ್ದರೆ ಅಂಜಬೇಕಾಗಿಲ್ಲ, ಅದನ್ನು ಬದಲಿಸಬಹುದು. ಎರಕದ ಬೆಡ್ಡಿನಲ್ಲಿ ಬಿರುಕು ಕಂಡರೆ ಮಾತ್ರ ಚಹಾ ಕುಡಿದು ಎದ್ದು ಬರುವುದು ಲೇಸು.

ಇನ್ನು ಸಾಗಾಟ. ಆರು ಅಡಿ ಬೆಡ್ಡಿನ ಲೇತು ಒಂದು ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಭಾರವೆಲ್ಲ ತಲೆಯ ಕಡೆಗಿರುವುದರಿಂದ ಎತ್ತುವಾಗ ಮಗುಚುವ ಅಪಾಯವೂ ಉಂಟು. ರಾಜಕೋಟೆಯಿಂದ ಶಿರಸಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಲಾರಿ ಬಾಡಿಗೆ, ಎರಡೂ ಕಡೆ ಕ್ರೇನು, ದಲ್ಲಾಳಿಯ ಪಾಲು, ನೋಡಲು ಹೋಗಿಬರುವ ಖರ್ಚು ಸೇರಿಸಿದರೆ ಅಗ್ಗವೆಂಬುದು ಅರ್ಧ ದಾರಿಯಲ್ಲೇ ಕರಗುತ್ತದೆ. ಕಾಲುಸಂಕ ದಾಟಿ ಹೋಗಬೇಕಾದ ಊರಿಗೆ ಕ್ರೇನು ಬರುವುದೂ ಇಲ್ಲ.

ಹಾಗೆಂದು ದೂರ ಹೋಗಲೇಬೇಕಾದ ಬಡತನ ಕರ್ನಾಟಕಕ್ಕಿಲ್ಲ. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತುಗಳನ್ನೇ ತಯಾರಿಸಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್ಎಂಟಿಯೂ ಲೇತಿನಿಂದಲೇ ಹೆಸರಾಯಿತು. ಹರಿಹರದ ಕಾರ್ಖಾನೆ ಮುಚ್ಚಿದೆ. ಆದರೆ ಅದು ಮಾಡಿದ ಯಂತ್ರಗಳು ಇನ್ನೂ ಓಡುತ್ತಿವೆ, ಅವುಗಳ ಮೈ ಬಲ್ಲ ಕೆಲಸಗಾರರೂ ಇದ್ದಾರೆ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ವರ್ಕ್‌ಶಾಪುಗಳಲ್ಲಿ ವಿಚಾರಿಸಿ, ಹತ್ತಿಪ್ಪತ್ತು ಸಾವಿರ ಹೆಚ್ಚು ತೆತ್ತಾದರೂ ಬೆಳಿಗ್ಗೆಯ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಊರಿನ ಯಂತ್ರವನ್ನೇ ಆರಿಸುವುದು ಜಾಣತನ. ಮುಂದೆ ಗೇರೊಂದು ಹಲ್ಲು ಮುರಿದುಕೊಂಡಾಗ ಓಡಬೇಕಾದದ್ದೂ ಅದೇ ಊರಿಗೆ.

ನೋಡಲು ಹೋಗುವಾಗ ನುರಿತ ಟರ್ನರ್ ಒಬ್ಬರನ್ನು ಕರೆದೊಯ್ಯಬೇಕು. ಐಟಿಐನಲ್ಲಿ ಎರಡು ವರ್ಷ ಟರ್ನರ್ ಕಲಿತು ಪೀಣ್ಯ ಸೇರಿದ ಹುಡುಗರು ಮಲೆನಾಡಿನ ಊರುಗಳಲ್ಲಿ ಅಪರೂಪವಲ್ಲ. ಅವರಲ್ಲೊಬ್ಬ ಮರಳಿ ಬರಲು ಒಪ್ಪಿದ್ದಾನೆಯೇ, ಅವನಿಗೆ ತಿಂಗಳಿಗೆ ಎಷ್ಟು ಕೊಡಲಾದೀತು ಎಂಬುದು ಯಂತ್ರದ ಬೆಲೆಗಿಂತ ಮೊದಲು ಇತ್ಯರ್ಥವಾಗಬೇಕು. ನಡೆಸುವವನಿಲ್ಲದ ಲೇತು ದುಬಾರಿ ಗುಜರಿ. ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ ಬರುವಲ್ಲಿ ಎರಡು-ಮೂರು ಅಶ್ವಶಕ್ತಿಯ ಮೋಟಾರನ್ನು ವಿಎಫ್‌ಡಿ ಪೆಟ್ಟಿಗೆಯ ನೆರವಿನಿಂದ ಒಂದೇ ಫೇಸಿನಲ್ಲಿ ಓಡಿಸಬಹುದು. ಅದಕ್ಕೂ ಮಿಗಿಲಾದ ಮೋಟಾರಿನ ಯಂತ್ರ ಹಳ್ಳಿಗೆ ಬೇಡ.

ತರುವ ಕಾಲವೂ ಮುಖ್ಯ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ಕಾಸಾಡುವ, ಮಣ್ಣಿನ ರಸ್ತೆ ಗಟ್ಟಿಯಾಗಿರುವ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಯಂತ್ರ ಊರು ಸೇರಬೇಕು. ಕಾಂಕ್ರೀಟು ನೆಲ ಮೊದಲೇ ಒಣಗಿರಲಿ. ಬೆಡ್ ಕೂರಿಸುವಾಗ ಕೊಂಚ ತಿರುಚಿಕೊಂಡರೂ ಸರಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರವಾಗಿ ಬರುವುದರಿಂದ ಮಟ್ಟ ನೋಡಲು ಅವಸರ ಸಲ್ಲದು. ಮೃಗಶಿರಾ ಮಳೆ ಹಿಡಿಯುವ ಮುನ್ನ ಬೆಡ್ಡಿಗೆಲ್ಲ ದಪ್ಪಗೆ ಎಣ್ಣೆ ಸವರಿ, ದಿನದ ಕೆಲಸ ಮುಗಿದೊಡನೆ ಬಟ್ಟೆ ಹೊದಿಸುವ ರೂಢಿಯನ್ನು ಮೊದಲ ವಾರದಿಂದಲೇ ಹಾಕಿಕೊಳ್ಳಬೇಕು. ಮಲೆನಾಡಿನ ತೇವಕ್ಕೆ ಒಂದು ರಾತ್ರಿ ಸಾಕು, ಬೆಳಗಾಗುವಾಗ ಕಬ್ಬಿಣ ಕೆಂಪಾಗಿರುತ್ತದೆ.