ಮನೆಯೊಳಗಣ ದಂಡನೆ

2025ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನೆರೆಯ ಮಹಾರಾಷ್ಟ್ರದಿಂದ ಬಂದ ವರ್ತಮಾನವನ್ನು ನಮ್ಮ ವಾಚಕರು ಮರೆತಿರಲಾರರು. ವೈದ್ಯವಿದ್ಯೆಯ ಪ್ರವೇಶಪರೀಕ್ಷೆಗೆ ಸಿದ್ಧಳಾಗುತ್ತಿದ್ದ ಹದಿನೇಳು ವರ್ಷದ ಹುಡುಗಿಗೆ ಅಭ್ಯಾಸಪರೀಕ್ಷೆಯಲ್ಲಿ ಅಂಕಗಳು ಕಡಮೆಯಾದುವೆಂದು ತಂದೆಯೇ ಅವಳನ್ನು ಹೊಡೆದನೆಂದೂ, ಆ ಏಟುಗಳಿಂದ ಅವಳು ಮೃತಳಾದಳೆಂದೂ ಪೋಲೀಸರು ಮೊಕದ್ದಮೆ ದಾಖಲು ಮಾಡಿದರು. ಆತನ ಅಪರಾಧವನ್ನು ನಿರ್ಣಯಿಸತಕ್ಕದ್ದು ನ್ಯಾಯಸ್ಥಾನ. ಆ ವಿಷಯದಲ್ಲಿ ನಾವು ಏನನ್ನೂ ಹೇಳುವವರಲ್ಲ. ಆದರೆ ಇಂತಹ ಸುದ್ದಿ ಬಂದಾಗಲೆಲ್ಲ ಸಭ್ಯಗೃಹಸ್ಥರ ಬಾಯಿಂದಲೇ ಕೇಳಿಬರುವ ಮಾತೊಂದುಂಟು: ಹೊಡೆದದ್ದು ತಪ್ಪಲ್ಲ, ಅಷ್ಟು ಹೊಡೆಯಬಾರದಾಗಿತ್ತು. ಅಷ್ಟು ಎಂದರೆ ಎಷ್ಟು?

ಕಾಯಿದೆಯನ್ನು ಕೇಳಿದರೆ ಅದು ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಪೋಷಕನು ಮಗುವಿನ ಹಿತಕ್ಕಾಗಿ ಸದ್ಭಾವದಿಂದ ಮಾಡಿದ ಕಾರ್ಯಕ್ಕೆ 1860ರ ದಂಡಸಂಹಿತೆಯ 89ನೆಯ ಕಲಮು ರಕ್ಷಣೆಯನ್ನು ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಆದರೆ ಈ ರಕ್ಷಣೆ ಹನ್ನೆರಡು ವರ್ಷ ತುಂಬದ ಮಗುವಿನ ವಿಷಯದಲ್ಲಿ ಹೇಳಿದುದು. ಮೀಸೆ ಚಿಗುರುತ್ತಿರುವ ಮಗನ ಮೇಲೆ ಕೈಯೆತ್ತಿದ ತಂದೆ ಈ ಕಲಮಿನ ನೆರಳಿಗೆ ಬರಲಾರನು. ಈ ಮಾತು ನಮ್ಮ ವಕೀಲಮಿತ್ರರಲ್ಲಿಯೂ ಎಷ್ಟು ಜನರ ಲಕ್ಷ್ಯಕ್ಕೆ ಬಂದಿದೆಯೋ ಕಾಣೆವು.

ಇನ್ನು 2015ರ ಬಾಲನ್ಯಾಯ ಕಾಯಿದೆ. ಹದಿನೆಂಟು ತುಂಬದವರೆಲ್ಲರೂ ಅದರ ದೃಷ್ಟಿಯಲ್ಲಿ ಮಕ್ಕಳೇ. ಮಗು ಯಾರ ವಶದಲ್ಲಿರುವುದೋ ಅವರೇ ಅದನ್ನು ಹೊಡೆದು, ಹಿಂಸಿಸಿ, ಇಲ್ಲವೆ ಬೇಕೆಂದು ಅಲಕ್ಷಿಸಿ, ಅನಾವಶ್ಯಕವಾದ ಮಾನಸಿಕ ಅಥವಾ ದೈಹಿಕ ಯಾತನೆಗೆ ಗುರಿಮಾಡಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ ಎಂದು 75ನೆಯ ಕಲಮು ವಿಧಿಸಿದೆ. ಅನಾವಶ್ಯಕವೆಂಬ ಆ ಒಂದು ಶಬ್ದದಲ್ಲಿಯೇ ತೊಡಕೆಲ್ಲ ಅಡಗಿದೆ. ಹಾಗಾದರೆ ಆವಶ್ಯಕವಾದ ಯಾತನೆಯೆಂಬುದೊಂದು ಉಂಟೆಂದಾಯಿತು. ಅದರ ಅಳತೆಯನ್ನು ಕಾಯಿದೆ ಹೇಳಿಲ್ಲ. ಉಪಾಧ್ಯಾಯರ ಬೆತ್ತವನ್ನು 2009ರ ಶಿಕ್ಷಣಹಕ್ಕಿನ ಕಾಯಿದೆಯು ಕಿತ್ತುಕೊಂಡಿತು. ಮನೆಯ ಬೆತ್ತದ ಮಾತನ್ನು ಅದು ಎತ್ತಲಿಲ್ಲ.

ತೊಡಕು ಹೊಸದಲ್ಲ. ಅದೇ 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್ ಎಂಬ ಊರಿನಲ್ಲಿ ಥಾಮಸ್ ಹಾಪ್ಲಿ ಎಂಬ ಉಪಾಧ್ಯಾಯನು ಪಾಠ ಹತ್ತದ ಹದಿನೈದು ವರ್ಷದ ಹುಡುಗನನ್ನು ಮೊಂಡನೆಂದು ಬಗೆದು, ಕಠಿನವಾಗಿ ದಂಡಿಸಲು ಅವನ ತಂದೆಗೆ ಪತ್ರ ಬರೆದು ಅನುಮತಿಯನ್ನು ಪಡೆದನು. ಒಂದು ರಾತ್ರಿ ಹೊತ್ತುಗಟ್ಟಲೆ ನಡೆದ ಆ ಹೊಡೆತದಿಂದ ಹುಡುಗನು ಸತ್ತನು. ನ್ಯಾಯಾಧೀಶರು ಹಾಪ್ಲಿಗೆ ನಾಲ್ಕು ವರ್ಷ ಕಠಿನಸೆರೆ ವಿಧಿಸಿದರು. ಆದರೆ ತಂದೆಗಾಗಲಿ ಆತನ ಪರವಾಗಿ ಗುರುವಿಗಾಗಲಿ ಮಿತವಾದ, ಯುಕ್ತವಾದ ದಂಡನೆಯ ಅಧಿಕಾರವುಂಟೆಂದೂ ಅದೇ ತೀರ್ಪಿನಲ್ಲಿ ಹೇಳಿದರು. ಯುಕ್ತವೆಂಬ ಆ ಮಾತಿನ ಆಶ್ರಯದಲ್ಲಿ ಎಷ್ಟೋ ಬೆತ್ತಗಳು ಬದುಕಿಕೊಂಡುವು. ಸ್ವೀಡನ್ ದೇಶವು 1979ರಲ್ಲಿ ತಾಯ್ತಂದೆಗಳ ಕೈಯನ್ನೂ ಕಟ್ಟಿತು. ಸ್ಕಾಟ್ಲೆಂಡಿಗೆ ಆ ಬುದ್ಧಿ ಬಂದುದು 2020ರಲ್ಲಿ, ವೇಲ್ಸಿಗೆ 2022ರಲ್ಲಿ.

ನಮ್ಮವರು ದಂಡಂ ದಶಗುಣಂ ಎನ್ನುವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವರು. ಚಾಣಕ್ಯನ ಹೆಸರಿನಲ್ಲಿ ಬಂದಿರುವ ನೀತಿಯನ್ನೂ ಉದಾಹರಿಸುವರು. ಐದು ವರ್ಷ ಮುದ್ದು, ಹತ್ತು ವರ್ಷ ದಂಡನೆ ಎನ್ನುವವರೆಗೆ ಎಲ್ಲರಿಗೂ ಬಾಯಿಪಾಠ. ಹದಿನಾರಕ್ಕೆ ಕಾಲಿಟ್ಟ ಮಗನನ್ನು ಮಿತ್ರನಂತೆ ಕಾಣತಕ್ಕದ್ದೆಂಬ ಕೊನೆಯ ಭಾಗ ಬಂದೊಡನೆ ನೆನಪು ಕೈಕೊಡುವುದು ವಿಚಿತ್ರವೇ ಸರಿ.

ಬಿಗಿಯೇ ಕೂಡದೆಂಬ ಪಕ್ಷ ನಮ್ಮದಲ್ಲ. ಕತ್ತಲಾಗುವುದರೊಳಗೆ ಮನೆ ಸೇರಬೇಕೆನ್ನುವುದು, ಮೊಬೈಲನ್ನು ಪರೀಕ್ಷೆ ಮುಗಿಯುವವರೆಗೆ ತೆಗೆದಿಡುವುದು, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು, ಇವು ಮಕ್ಕಳಿಗೆ ಕಹಿಯಾದರೂ ಹಿರಿಯರ ಕರ್ತವ್ಯಗಳೇ. ಊಟ ನಿಲ್ಲಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ನೆಂಟರಿಷ್ಟರ ಮುಂದೆ ನಿಲ್ಲಿಸಿ ಮಾನ ಕಳೆಯುವುದು, ಪುಸ್ತಕದಲ್ಲಿ ಕಾಗದವೊಂದು ಸಿಕ್ಕಿತೆಂದು ಹುಡುಗಿಯನ್ನು ಶಾಲೆ ಬಿಡಿಸಿ ವರನನ್ನು ಹುಡುಕಲು ಹೊರಡುವುದು ಬೇರೆಯ ಜಾತಿಗೆ ಸೇರಿದುವು. ಇಲ್ಲಿ ಒಂದೇ ಒಂದು ಏಟೂ ಬೀಳದಿರಬಹುದು. ಮೈಮೇಲೆ ಬಾಸುಂಡೆ ಇಲ್ಲದ ಯಾತನೆಯನ್ನೂ ಕಾಯಿದೆ ಹೆಸರಿಸಿದೆಯೆಂಬುದು ನೆನಪಿರಲಿ. ಕೋಪ ಇಳಿದ ಮರುದಿನವೂ ಅದೇ ಶಿಕ್ಷೆಯನ್ನು ತಂದೆ ಕೊಡುತ್ತಿದ್ದನೆ? ಶಿಕ್ಷೆಯು ತಪ್ಪಿಗೋ, ನಾಲ್ಕು ಜನರೆದುರು ತನಗಾದ ಅವಮಾನಕ್ಕೋ? ಕೈಯ ಗಾಯವನ್ನು ಕಂಡು ಯಾರಾದರೂ ಕೇಳಿದರೆ ಮೆಟ್ಟಲಿನಿಂದ ಬಿದ್ದೆನೆಂದು ಹೇಳು ಎಂದು ಮಗುವಿಗೆ ಕಲಿಸಬೇಕಾಗಿ ಬಂದ ದಿನ, ಗಡಿ ದಾಟಿದುದು ಆ ಮನೆಯವರಿಗೇ ತಿಳಿದಿರುತ್ತದೆ.

ತಂದೆಯನ್ನು ಸೆರೆಗೆ ಹಾಕಿದರೆ ಮನೆಯ ಒಲೆ ಉರಿಯುವುದು ಹೇಗೆಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಈ ಕಾರಣದಿಂದಲೇ ಜೈಲಿಗಿಂತ ಮೊದಲು ಬೇರೆ ಬಾಗಿಲುಗಳಿವೆ: ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, 1098 ಸಂಖ್ಯೆಯ ಸಹಾಯವಾಣಿ, ತಾಯ್ತಂದೆಗಳಿಗೂ ಮಕ್ಕಳಿಗೂ ಬುದ್ಧಿಹೇಳುವ ಸಮಾಲೋಚಕರು. ಕೇಂದ್ರ ಸರಕಾರವು ಹದಿಮೂರು ರಾಜ್ಯಗಳಲ್ಲಿ ನಡೆಯಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಯನ್ನು ಉಂಡವರು. ಮನೆಯಲ್ಲಿ ಏಟು ತಿಂದವರಲ್ಲಿ ಹೆಚ್ಚಿನವರನ್ನು ಹೊಡೆದವರು ತಾಯ್ತಂದೆಗಳೇ. ಮನೆಯ ವಿಷಯವೆಂದು ಠಾಣೆಯ ಜಮೇದಾರನು ದೂರನ್ನು ಹಿಂದಕ್ಕೆ ಕಳಿಸಿದರೆ ಈ ಬಾಗಿಲುಗಳೆಲ್ಲ ಗೋಡೆಯ ಮೇಲಿನ ಚಿತ್ರಗಳಾಗುವುವು. ಗಾಯವನ್ನು ಮೊದಲು ಕಾಣುವವರು ತರಗತಿಯ ಉಪಾಧ್ಯಾಯರು; ಕಂಡುದನ್ನು ಮೇಲಕ್ಕೆ ತಿಳಿಸುವ ಧೈರ್ಯವನ್ನು ಅವರಿಗೆ ವಿದ್ಯಾ ಇಲಾಖೆಯ ಅಧಿಕಾರಿಗಳು ಕೊಡಬೇಕು. ಮಗು ತಾನಾಗಿಯೇ ಸಮಿತಿಯ ಮುಂದೆ ಬಂದು ನಿಲ್ಲಬಹುದೆಂದು 31ನೆಯ ಕಲಮಿನಲ್ಲಿ ಬರೆದಿದೆ. ತಾಲ್ಲೂಕಿನ ಮೂಲೆಯ ಹಳ್ಳಿಯಿಂದ ಜಿಲ್ಲೆಯ ಪಟ್ಟಣಕ್ಕೆ ಬರಲು ಆ ಮಗುವಿನ ಕೈಗೆ ಬಸ್ಸಿನ ಚಾರ್ಜನ್ನು ಯಾರು ಕೊಡುವರೆಂಬುದನ್ನು ಮಾತ್ರ ಬರೆದಿಲ್ಲ.